ಹಳೆಯ ಲೇತಿನ ದುರಸ್ತಿ

ಕುಂಬಾರನ ತಿಗರಿಯನ್ನು ನೀವು ನೋಡಿರಬಹುದು. ಅಲ್ಲಿ ಮಣ್ಣು ತಿರುಗುತ್ತದೆ, ಕೈ ಅದಕ್ಕೆ ರೂಪ ಕೊಡುತ್ತದೆ. ಲೇತ್ ಯಂತ್ರದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಮಣ್ಣಿನ ಬದಲು ಉಕ್ಕೋ ಹಿತ್ತಾಳೆಯೋ ತಿರುಗುತ್ತದೆ. ಕೈಯ ಬದಲು ಗಟ್ಟಿ ಉಕ್ಕಿನ ಉಳಿ ಅದನ್ನು ಹೆರೆಯುತ್ತದೆ. ಈ ಉಳಿಯನ್ನು ಟರ್ನರುಗಳು ಟೂಲ್ ಎನ್ನುತ್ತಾರೆ. ಕುಂಬಾರನ ಕೈ ತಪ್ಪಿದರೆ ಮಣ್ಣನ್ನು ಮತ್ತೆ ಮುದ್ದೆ ಮಾಡಬಹುದು. ಕೂದಲೆಳೆಯಷ್ಟು ಹೆಚ್ಚಾಗಿ ಹೆರೆದ ಉಕ್ಕಿನ ಶಾಫ್ಟನ್ನು ಮರಳಿ ದಪ್ಪಗೊಳಿಸುವುದು ಸುಲಭವಲ್ಲ. ಆದುದರಿಂದ ಟೂಲನ್ನು ಹೊತ್ತು ಮುಂದಕ್ಕೂ ಹಿಂದಕ್ಕೂ ಸಾಗುವ ಭಾಗ ಅಲುಗದೆ ಸಾಗಬೇಕು. ಅದಕ್ಕೆ ಕ್ರಾಸ್ ಸ್ಲೈಡ್ ಎಂದು ಹೆಸರು. ಹಳೆಯ ಲೇತುಗಳಲ್ಲಿ ಬೇಗ ಸವೆಯುವ ಭಾಗಗಳಲ್ಲಿ ಇದೂ ಒಂದು.

ನಮ್ಮ ನಾಡಿಗೂ ಲೇತಿಗೂ ಹಳೆಯ ನಂಟು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಆರಂಭವಾಯಿತು. ಬೆಂಗಳೂರಿನಲ್ಲಿ 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಗಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಲೇತುಗಳನ್ನು ತಯಾರಿಸತೊಡಗಿತು. ಹರಿಹರದ ಆ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದುವು. ಅಲ್ಲಿ ಹುಟ್ಟಿದ ಯಂತ್ರಗಳು ಮಾತ್ರ ಸಣ್ಣಪುಟ್ಟ ವರ್ಕ್‌ಷಾಪುಗಳಲ್ಲಿ ಇನ್ನೂ ದುಡಿಯುತ್ತಿವೆ.

ದಾವಣಗೆರೆಯ ಅಂಥದೊಂದು ವರ್ಕ್‌ಷಾಪಿನಲ್ಲಿ ಇಂಥ ದುರಸ್ತಿಯನ್ನು ನಾನು ಹಲವು ದಿನ ಕುಳಿತು ನೋಡಿದ್ದೇನೆ. ರೈತರ ಪಂಪಿನ ಶಾಫ್ಟು, ಬುಷ್ಷು, ಟ್ರ್ಯಾಕ್ಟರಿನ ಪಿನ್ನು, ಇವೇ ಅಲ್ಲಿನ ಕೆಲಸ. ಲೇತ್ ಒಂದೇ, ಅದರ ಮೇಲೆ ಎರಡು ಸಂಸಾರಗಳು ನಡೆಯಬೇಕು. ಹಿಡಿಯನ್ನು ಹಿಂದಕ್ಕೆ ತಿರುಗಿಸಿದರೆ ಕಾಲು ಸುತ್ತಿನವರೆಗೂ ಸ್ಲೈಡ್ ಕದಲುತ್ತಿರಲಿಲ್ಲ. ಸರಳನ್ನು ತುಂಡರಿಸುವಾಗ ಟೂಲು ತಾನಾಗಿಯೇ ಒಳಕ್ಕೆ ನುಗ್ಗಿ ಮುರಿಯುತ್ತಿತ್ತು. ಹೊಸ ಲೇತ್ ಕೊಳ್ಳುವ ಶಕ್ತಿ ಯಜಮಾನರಿಗಿರಲಿಲ್ಲ. ಗುಜರಿಯವನೊಬ್ಬ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿಹೋಗಿದ್ದ.

ಇಂಥ ಸಡಿಲಕ್ಕೆ ಲೇತಿನಲ್ಲಿಯೇ ಒಂದು ಉಪಾಯವನ್ನು ಇಟ್ಟಿರುತ್ತಾರೆ. ಸ್ಲೈಡ್ ಕೂರುವ ಹಳಿ ಪಾರಿವಾಳದ ಬಾಲದ ಹಾಗೆ ಮೇಲೆ ಅಗಲ, ಕೆಳಗೆ ಕಿರಿದು. ಸ್ಲೈಡ್ ಅದನ್ನು ಎರಡೂ ಕಡೆಯಿಂದ ತಬ್ಬಿಕೊಂಡಿರುತ್ತದೆ. ಒಂದು ಪಕ್ಕದಲ್ಲಿ ಗಿಬ್ ಎಂಬ ತೆಳುವಾದ ಪಟ್ಟಿಯನ್ನು ತೂರಿಸಿರುತ್ತಾರೆ. ತಿರುಪುಗಳನ್ನು ಬಿಗಿದರೆ ಗಿಬ್ ಒತ್ತಿಕೊಂಡು ಸಡಿಲ ಹೋಗುತ್ತದೆ. ಹಾಗಾದರೆ ಬಿಗಿದರೆ ಸಾಲದೆ? ನಾನೂ ಇದನ್ನೇ ಕೇಳಿದೆ. ಅರುವತ್ತು ದಾಟಿದ ಆ ಫಿಟ್ಟರು ತಿರುಪನ್ನು ಬಿಗಿದು, “ಈಗ ತಿರುಗಿಸಿ ನೋಡಿ ಮೇಷ್ಟ್ರೇ” ಎಂದರು. ನಡುವೆ ಸ್ಲೈಡ್ ಚೆನ್ನಾಗಿಯೇ ಸಾಗಿತು. ತುದಿಗೆ ಬರುವಾಗ ಕಚ್ಚಿಕೊಂಡು ನಿಂತಿತು. ದಿನದಿನದ ಕೆಲಸವೆಲ್ಲ ಮೂರು ನಾಲ್ಕು ಅಂಗುಲದ ಓಡಾಟದಲ್ಲಿ ಮುಗಿಯುವುದರಿಂದ ಹಳಿ ಅಲ್ಲಿ ಮಾತ್ರ ಸವೆದಿತ್ತು. ತುದಿಗಳು ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದಿದ್ದುವು. ಸಡಿಲ ಬೇರೆ, ಸವೆತ ಬೇರೆ. ಎಲ್ಲ ಕಡೆಯೂ ಒಂದೇ ಸಮನಾದ ಸಡಿಲವನ್ನು ಬಿಗಿದು ಕಳೆಯಬಹುದು. ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಸವೆದುದನ್ನು ಬಿಗಿಯಲು ಹೋದರೆ ಉಳಿದ ಒಳ್ಳೆಯ ಭಾಗವೂ ಕೆಡುತ್ತದೆ.

ಸ್ಲೈಡನ್ನು ನಡೆಸುವ ತಿರುಪಿನ ಸ್ಥಿತಿಯೂ ಇದೇ. ಉಕ್ಕಿನ ತಿರುಪು, ಅದು ಓಡಾಡುವ ನಟ್ ಕಂಚಿನದು. ಕಂಚು ಮೆದುವಾದುದರಿಂದ ನಟ್ ಬೇಗ ಸವೆಯುತ್ತದೆ. ಆದರೆ ತಿರುಪಿನ ನಡುಭಾಗವೂ ತೆಳುವಾಗಿರುತ್ತದೆ. ಆದ್ದರಿಂದ ಎರಡನ್ನೂ ಜೊತೆಯಾಗಿಯೇ ಹೊಸದು ಮಾಡಬೇಕು. ಆ ಫಿಟ್ಟರು ಸ್ಲೈಡನ್ನು ಬಿಚ್ಚುವ ಮೊದಲೇ ಅದೇ ಲೇತಿನಲ್ಲಿ ಹೊಸ ತಿರುಪನ್ನೂ ನಟ್ಟನ್ನೂ ಕಡೆದು ತೆಗೆದಿರಿಸಿದರು. ಬಿಚ್ಚಿದ ಮೇಲೆ ಲೇತ್ ಕೆಲಸಕ್ಕೆ ಬಾರದಲ್ಲ! ಸವೆದ ಯಂತ್ರ ಸರಿಯಾದ ತಿರುಪನ್ನು ಹೇಗೆ ಮಾಡೀತು ಎಂಬ ಸಂದೇಹ ಬರಬಹುದು. ತಿರುಪಿನ ಸುತ್ತುಗಳ ನಡುವಣ ಅಂತರವನ್ನು ನಿರ್ಧರಿಸುವುದು ಲೇತಿನ ಉದ್ದಕ್ಕೆ ಹಾಯ್ದ ಲೀಡ್ ಸ್ಕ್ರೂ ಎಂಬ ಬೇರೊಂದು ತಿರುಪು. ಕ್ರಾಸ್ ಸ್ಲೈಡಿನ ಸವೆತ ಅದನ್ನು ಮುಟ್ಟುವುದಿಲ್ಲ.

ಬಿಚ್ಚುವ ಕೆಲಸ ಅರ್ಧ ದಿನದ್ದು. ಟೂಲ್ ಪೋಸ್ಟನ್ನು ಇಳಿಸಿ, ಹಿಡಿಯ ಬಳಿಯ ಬೋಲ್ಟುಗಳನ್ನು ತೆಗೆದು, ತಿರುಪನ್ನು ಸುತ್ತುತ್ತ ಹೊರಕ್ಕೆಳೆದು, ಗಿಬ್ಬನ್ನು ಬಿಡಿಸಿದರೆ ಸ್ಲೈಡ್ ಜಾರಿ ಕೈಗೆ ಬರುತ್ತದೆ. ಯಾವ ತಿರುಪು ಯಾವ ತೂತಿನದೆಂದು ಗುರುತು ಹಾಕಿಡಬೇಕು. ಸೀಮೆಎಣ್ಣೆಯಲ್ಲಿ ತೊಳೆದಾಗ ಕಪ್ಪು ಜಿಡ್ಡಿನಡಿಯಿಂದ ಎಣ್ಣೆಯ ತೂತೊಂದು ಕಾಣಿಸಿತು. ಕಬ್ಬಿಣದ ಪುಡಿ ತುಂಬಿ ಅದು ಮುಚ್ಚಿಹೋಗಿತ್ತು. ಎಷ್ಟು ವರ್ಷಗಳಿಂದ ಆ ಹಳಿ ಎಣ್ಣೆ ಕಾಣದೆ ಉಜ್ಜಿಕೊಂಡಿತ್ತೋ! ತುದಿಗಳಲ್ಲಿ ಮಾತ್ರ ಚಂದ್ರನ ಕಲೆಯಂತಹ ಸಣ್ಣ ಸಣ್ಣ ಕೆತ್ತುಗಳು ಇನ್ನೂ ಇದ್ದುವು. ಲೇತನ್ನು ಕಟ್ಟಿದವರ ಕೈಗುರುತು ಅದು.

ಆ ಕೆತ್ತುಗಳನ್ನು ಮತ್ತೆ ಮಾಡುವುದೇ ಮುಖ್ಯ ಕೆಲಸ. ಸರ್ಫೇಸ್ ಪ್ಲೇಟ್ ಎಂಬ ಅತಿ ಸಮತಟ್ಟಾದ ಬೀಡು ಕಬ್ಬಿಣದ ಹಲಗೆಗೆ ನೀಲಿ ಬಣ್ಣವನ್ನು ತೀರ ತೆಳುವಾಗಿ ಸವರಿ, ಅದರ ಮೇಲೆ ಸ್ಲೈಡನ್ನು ಉಜ್ಜುತ್ತಾರೆ. ಎತ್ತರವಾಗಿರುವ ಕಡೆ ನೀಲಿ ಹತ್ತುತ್ತದೆ. ಅಲ್ಲಿ ಮಾತ್ರ ಸ್ಕ್ರೇಪರಿನಿಂದ ಹೆರೆಯಬೇಕು. ಆ ಫಿಟ್ಟರ ಸ್ಕ್ರೇಪರ್ ಹಳೆಯ ಅರದ ಹಲ್ಲನ್ನು ಉಜ್ಜಿ ಮಾಡಿದ್ದು. ಒಂದು ಸಲಕ್ಕೆ ಹೋಗುವುದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಮತ್ತೆ ನೀಲಿ, ಮತ್ತೆ ಹೆರೆತ. ಮೊದಲ ದಿನ ಎರಡು ತುದಿಗಳಲ್ಲಿ ಮಾತ್ರ ಇದ್ದ ನೀಲಿ, ನಾಲ್ಕನೆಯ ದಿನದ ಹೊತ್ತಿಗೆ ನಡುವಿಗೂ ಬಂತು. ಚದರ ಅಂಗುಲಕ್ಕೆ ಹತ್ತು ಹನ್ನೆರಡು ಚುಕ್ಕೆಗಳು ಸಮನಾಗಿ ಕಂಡ ಮೇಲೆ ಅವರು ಕೈ ನಿಲ್ಲಿಸಿದರು. ಚುಕ್ಕೆಗಳ ನಡುವಣ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಬೇಸರ ಬಂದ ಹುಡುಗನೊಬ್ಬ ಎಮರಿ ಪೇಪರ್ ತಂದಾಗ ಅವರು ಅದನ್ನು ಕಸಿದುಕೊಂಡರು. ಎಮರಿಯ ಹರಳುಗಳು ಬೀಡು ಕಬ್ಬಿಣದಲ್ಲಿ ಹುದುಗಿ ಕುಳಿತರೆ, ಮುಂದೆ ಅವೇ ಹಳಿಯನ್ನು ತಿನ್ನುತ್ತವೆ.

ಸರ್ಫೇಸ್ ಪ್ಲೇಟ್ ಸಮತಟ್ಟಾಗಿದೆ ಎಂಬುದಕ್ಕೆ ಆಧಾರವೇನು? ಎರಡು ಹಲಗೆಗಳನ್ನು ಒಂದಕ್ಕೊಂದು ಹೊಂದಿಸಿದರೆ ಒಂದು ಉಬ್ಬಾಗಿ, ಇನ್ನೊಂದು ತಗ್ಗಾಗಿ ಹೊಂದಿಕೊಳ್ಳಬಹುದು. ಮೂರು ಹಲಗೆಗಳನ್ನು ಸರದಿಯಂತೆ, ದಿಕ್ಕು ಬದಲಿಸುತ್ತ, ಜೋಡಿ ಜೋಡಿಯಾಗಿ ಹೊಂದಿಸಿದರೆ ಮೂರೂ ಸಮತಟ್ಟಾಗದೆ ಗತಿಯಿಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಇಂಥ ಹಲಗೆಗಳನ್ನು ಎಮರಿಯಿಂದ ತಿಕ್ಕದೆ ಸ್ಕ್ರೇಪರಿನಿಂದಲೇ ಹೆರೆಯಬೇಕೆಂದು 1840ರಲ್ಲಿ ಗ್ಲಾಸ್ಗೋ ನಗರದ ವಿದ್ವತ್ಸಭೆಯಲ್ಲಿ ವಿವರಿಸಿದನು. ಯಾವ ಯಂತ್ರದ ನೆರವೂ ಇಲ್ಲದೆ, ಬರಿಯ ಕೈಯಿಂದ ಸಮತಟ್ಟನ್ನು ಹುಟ್ಟಿಸುವ ಈ ಯುಕ್ತಿ ನನಗೆ ರೇಖಾಗಣಿತದ ಯಾವ ಪ್ರಮೇಯಕ್ಕಿಂತಲೂ ಕಡಿಮೆಯೆನಿಸಲಿಲ್ಲ.

ಸ್ಲೈಡ್ ನೇರವಾದ ಮೇಲೆ ಅದನ್ನೇ ಅಳತೆಗೋಲಾಗಿ ಹಿಡಿದು ಕೆಳಗಿನ ಹಳಿಯನ್ನೂ, ಬಳಿಕ ಗಿಬ್ಬನ್ನೂ ಹೆರೆದರು. ಎಲ್ಲವನ್ನೂ ಜೋಡಿಸಿ, ಎಣ್ಣೆ ಬಿಟ್ಟು, ಅಗಲವಾದ ಬೀಡು ಕಬ್ಬಿಣದ ಬಿಲ್ಲೆಯೊಂದನ್ನು ಚಕ್ಕಿನಲ್ಲಿ ಹಿಡಿದು ಅದರ ಮುಖವನ್ನು ಹೆರೆದರು. ಈ ಮುಖ ಪೂರ್ತಿ ಸಮನಾಗಿರಬೇಕು, ಇಲ್ಲವೆ ನಡುವೆ ತೀರ ಅಲ್ಪ ತಗ್ಗಾಗಿರಬೇಕು. ಉಬ್ಬು ಮಾತ್ರ ಕೂಡದು. ತಗ್ಗಾದುದು ತನ್ನ ಅಂಚಿನ ಮೇಲೆ ಭದ್ರವಾಗಿ ಕೂರುತ್ತದೆ, ಉಬ್ಬಾದುದು ಬುಗುರಿಯಂತೆ ಹೊಯ್ದಾಡುತ್ತದೆ. ಫಿಟ್ಟರು ತೆಳುಕಾಗದದ ಮೂರು ಚೂರುಗಳನ್ನು ಬಿಲ್ಲೆಯ ಮೇಲಿಟ್ಟು, ಅವುಗಳ ಮೇಲೆ ಉಕ್ಕಿನ ನೇರಪಟ್ಟಿಯನ್ನು ಒತ್ತಿ ಹಿಡಿದರು. ಅಂಚಿನ ಎರಡು ಚೂರುಗಳು ಎಳೆದರೂ ಬಾರಲಿಲ್ಲ. ನಡುವಿನದು ಮೆಲ್ಲನೆ ಜಾರಿ ಬಂತು. ಮಧ್ಯಾಹ್ನಕ್ಕೆ ಪಂಪಿನ ಶಾಫ್ಟೊಂದು ಚಕ್ಕಿಗೇರಿತು.