ಜೊತೆಗೆ ಕರೆದುಕೊಂಡು ಹೋದವನು

ಕರಾವಳಿಯ ಸಣ್ಣ ಸಣ್ಣ ಸಭೆಗಳಲ್ಲಿ ಜೀವಮಾನವಿಡೀ ಸುವಾರ್ತಿಕನಾಗಿ ದುಡಿದ ನನ್ನ ಗೆಳೆಯ ಕಳೆದ ಮಳೆಗಾಲದಲ್ಲಿ ಕರ್ತನಲ್ಲಿ ನಿದ್ರೆಹೋದ. ಹೇಳಿಕೊಳ್ಳುವಂಥ ಪದವಿ ಅವನಿಗಿರಲಿಲ್ಲ. ಆದರೂ ಕುಂದಾಪುರದಿಂದ ಮೂಲ್ಕಿಯವರೆಗೆ ಇಂದು ಪ್ರಸಂಗ ಮಾಡುತ್ತಿರುವ, ಸಂಡೆ ಸ್ಕೂಲ್ ನಡೆಸುತ್ತಿರುವ ಎಷ್ಟೋ ಮಂದಿ ಅವನ ಕೈಯಲ್ಲಿ ಬೆಳೆದವರು. ಸಭಾಪಾಲಕನಾದ ನಾನು ಎಳೆಯರನ್ನು ಸೇವೆಗೆ ಸಿದ್ಧಮಾಡುವ ವಿಷಯದಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ಅವನ ಜೊತೆ ತಿರುಗಿ ಕಲಿತದ್ದು. ಈ ಕೆಲಸಕ್ಕೆ ಇಳಿಯುವವರಿಗಾಗಿ ಬರೆದಿಡುತ್ತಿದ್ದೇನೆ.

1. ಒಬ್ಬರೇ ಹೋಗಬೇಡಿ.
ಮನೆ ಭೇಟಿಗಿರಲಿ, ಆಸ್ಪತ್ರೆಗಿರಲಿ, ಸಾವಿನ ಮನೆಗಿರಲಿ, ಅವನ ಜೊತೆ ಯುವಜನ ಸಂಘದ ಒಬ್ಬ ಹುಡುಗನೋ ಹುಡುಗಿಯೋ ಇರಲೇಬೇಕು. ದಾರಿಯಲ್ಲಿ ಉಪದೇಶವಿಲ್ಲ. ಸಾವಿನ ಮನೆಯಲ್ಲಿ ಎಷ್ಟು ಹೊತ್ತು ಸುಮ್ಮನೆ ಕೂರಬೇಕು, ಯಾವಾಗ ಪ್ರಾರ್ಥನೆ ಮಾಡಬೇಕು, ಯಾವಾಗ ಎದ್ದು ಬರಬೇಕು ಎಂಬುದನ್ನು ಆ ಎಳೆಯರು ಅವನನ್ನು ನೋಡಿಯೇ ಕಲಿತರು. ಇದನ್ನು ಕಲಿಸುವ ತರಗತಿ ಯಾವ ದೈವಜ್ಞಾನ ಶಾಲೆಯಲ್ಲೂ ಇಲ್ಲ ಎಂದೇ ನನ್ನ ನಂಬಿಕೆ.

2. ಪೀಠದಿಂದ ಇಳಿದವರನ್ನು ಅಲ್ಲೇ ತಿದ್ದಬೇಡಿ.
ಮೊದಲ ಪ್ರಸಂಗ ಮಾಡಿದವನ ಕೈ ಇನ್ನೂ ನಡುಗುತ್ತಿರುತ್ತದೆ. ಗೆಳೆಯ ಅವನ ಕೈಕುಲುಕಿ ಮನೆಗೆ ಕಳಿಸುತ್ತಿದ್ದ. ವಾರದ ನಡುವೆ ಚಹಾಕ್ಕೆ ಕರೆದು, "ನಿನಗೇ ಎಲ್ಲಿ ಸರಿ ಬರಲಿಲ್ಲ ಅನ್ನಿಸಿತು?" ಎಂದು ಕೇಳುತ್ತಿದ್ದ. ಹುಡುಗ ಹೇಳಿದ ಮೇಲೆ ತಾನು ಒಂದೇ ಒಂದು ತಪ್ಪು ಹೇಳುತ್ತಿದ್ದ.

3. ಬಿದ್ದವರನ್ನು ಬಿಡಬೇಡಿ.
ಅವನು ಬೆಳೆಸಿದ ಒಬ್ಬ ಯುವಕ ಕುಡಿತಕ್ಕೆ ಬಿದ್ದು ಸಭೆಗೆ ಬರುವುದನ್ನೇ ನಿಲ್ಲಿಸಿದ. ಹಿರಿಯರಿಗೆ ಬೇಸರವಾಗಿತ್ತು, ಅದು ಸಹಜವೂ ಆಗಿತ್ತು. ಗೆಳೆಯ ಮಾತ್ರ ಅವನ ಮನೆಗೆ ಹೋಗುವುದನ್ನು ಬಿಡಲಿಲ್ಲ. ಸಭೆಗೆ ಬಾ ಎಂದು ಕರೆಯುತ್ತಿರಲಿಲ್ಲ. ಅವನ ತಾಯಿಯ ಔಷಧ, ತಂಗಿಯ ಪರೀಕ್ಷೆ ವಿಚಾರಿಸಿ ಬರುತ್ತಿದ್ದ. ಅದು ವರ್ಷಗಟ್ಟಲೆ ನಡೆಯಿತು.

ಇದಕ್ಕೆ ಗೆಳೆಯನ ಆಧಾರ ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ. ಪಂಫುಲ್ಯದಲ್ಲಿ ಕೆಲಸ ಬಿಟ್ಟು ಹೋಗಿದ್ದ ಮಾರ್ಕನನ್ನು ಮತ್ತೆ ಕರೆದೊಯ್ಯಲು ಪೌಲ ಒಪ್ಪುವುದಿಲ್ಲ. ಬಾರ್ನಬ ಬಿಟ್ಟುಕೊಡುವುದಿಲ್ಲ. ವಾದ ಬಿರುಸಾಗಿ ಇಬ್ಬರೂ ಬೇರೆಯಾಗುತ್ತಾರೆ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರಕ್ಕೆ ಹಡಗು ಹತ್ತುತ್ತಾನೆ. ಮುಂದೆ ಸೆರೆಮನೆಯಿಂದ ತಿಮೊಥೆಗೆ ಬರೆಯುವಾಗ, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಅವನು ನನಗೆ ಉಪಯುಕ್ತನು ಎಂದು ಕೇಳುವವನು ಅದೇ ಪೌಲ. ಬಾರ್ನಬನ ಹಟವಿಲ್ಲದಿದ್ದರೆ ಆ ಮಾರ್ಕ ಉಳಿಯುತ್ತಿದ್ದನೇ? ನಮ್ಮ ಸಭೆಗಳಲ್ಲಿ ಪೌಲರಿಗೆ ಕೊರತೆಯಿಲ್ಲ, ಬಾರ್ನಬರು ಕಡಿಮೆ.

ಆ ಯುವಕ ಈಗ ಕುಡಿತ ಬಿಟ್ಟಿದ್ದಾನೆ. ಪ್ರಸಂಗ ಮಾಡುವುದಿಲ್ಲ, ಕುಡಿತ ಬಿಡಲು ಹೆಣಗುವವರ ಜೊತೆ ರಾತ್ರಿ ಹೊತ್ತು ಕೂತಿರುತ್ತಾನೆ.

4. ಅಕ್ಕಿ ಕೊಡುವ ಕೈಯಲ್ಲಿ ಕರಪತ್ರ ಬೇಡ.
ನೆರೆ ಬಂದ ವರ್ಷ ಅಕ್ಕಿ, ಚಾಪೆ ಹಂಚಲು ಹೋದಾಗ ಅವನು ಎಳೆಯರಿಗೆ ಹಾಕಿದ ಷರತ್ತು ಇದೊಂದೇ. ಹಸಿದವರು ಹೂಂ ಅಂದದ್ದು ನಂಬಿಕೆಯಲ್ಲ ಎನ್ನುತ್ತಿದ್ದ. ಯಾರಾದರೂ ಆಮೇಲೆ ತಾವಾಗಿ ಬಂದು ಕೇಳಿದರೆ ಯೇಸುವಿನ ವಿಷಯ ಮನಸಾರೆ, ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ. ಕೇಳದವರ ಗೆಳೆತನವನ್ನೂ ಅಷ್ಟೇ ಆಸ್ಥೆಯಿಂದ ಉಳಿಸಿಕೊಂಡ. ಅವನ ಮಣ್ಣಿನ ದಿನ ಊರಿನ ಹಿಂದೂ, ಮುಸ್ಲಿಂ ನೆರೆಯವರೂ ಪೆಟ್ಟಿಗೆಗೆ ಹೆಗಲು ಕೊಟ್ಟರು. ಸೇವೆಗೆ ಸಾಕ್ಷಿ ಬೇಕಾದರೆ ನಾನು ತೋರಿಸುವುದು ಅದನ್ನೇ.

5. ಜನರ ಮಾತು ಕಲಿಯಿರಿ.
1853ರಲ್ಲಿ ಮಿಶನರಿಯಾಗಿ ಭಾರತಕ್ಕೆ ಬಂದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಎಲ್ಲಿಂದಲೋ ಬಂದವರು ಇಷ್ಟು ದುಡಿದಿರುವಾಗ ಇಲ್ಲೇ ಹುಟ್ಟಿದ ನಾವು ತುಳು ಮನೆಯಲ್ಲಿ ಕನ್ನಡದ ಪುಸ್ತಕದ ಭಾಷೆ ಆಡುವುದು ಸರಿಯಲ್ಲ ಎಂಬುದು ಅವನ ಮಾತು. ನಾನೂ ಒಪ್ಪುತ್ತೇನೆ.

6. ಬದುಕಿರುವಾಗಲೇ ಬಿಟ್ಟುಕೊಡಿ.
ಬಾಸೆಲ್ ಮಿಶನ್ನಿನ ಚರಿತ್ರೆಯಲ್ಲಿ ಅವನು ಮತ್ತೆ ಮತ್ತೆ ಹೇಳುತ್ತಿದ್ದದ್ದು ಹೆರ್ಮನ್ ಮೋಗ್ಲಿಂಗ್ ಮತ್ತು ಆನಂದರಾವ್ ಕೌಂಡಿನ್ಯರ ಕಥೆ. 1843ರಲ್ಲಿ 'ಮಂಗಳೂರು ಸಮಾಚಾರ' ಹೊರತಂದವರು ಎಂದು ಮೋಗ್ಲಿಂಗರನ್ನು ಎಲ್ಲರೂ ಬಲ್ಲರು. ಅವರ ಶಿಷ್ಯ, ಮಂಗಳೂರಿನ ಸಾರಸ್ವತ ತರುಣ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಹೋದವರು ಮತ್ತೆ ಬರಲಿಲ್ಲ. ಕೌಂಡಿನ್ಯರು ಇಲ್ಲಿ ಸೇವೆ ಮುಂದುವರಿಸಿದರು. ಕೊಡಗಿನ ಆನಂದಪುರಕ್ಕಿರುವುದು ಈ ಶಿಷ್ಯನ ಹೆಸರು.

ಗೆಳೆಯನೂ ಹಾಗೆಯೇ ಮಾಡಿದ. ಕೈಕಾಲು ಗಟ್ಟಿಯಿರುವಾಗಲೇ ಸಂಡೆ ಸ್ಕೂಲಿನ ಬೀಗದ ಕೈಯನ್ನೂ ಲೆಕ್ಕದ ಪುಸ್ತಕವನ್ನೂ ಅಲ್ಲಿಯೇ ಓದಿ ಬೆಳೆದ ಒಬ್ಬ ಹುಡುಗಿಗೆ ಒಪ್ಪಿಸಿದ. ಅವಳು ಕ್ರಮ ಬದಲಾಯಿಸಿದಾಗ ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳ ಜೊತೆ ಹಾಡಿದ.

ನೀವು ಸಭಾಪಾಲಕರಾಗಿದ್ದರೆ, ಸಂಡೆ ಸ್ಕೂಲಿನ ಟೀಚರ್ ಆಗಿದ್ದರೆ, ಮುಂದಿನ ಮನೆ ಭೇಟಿಗೆ ಹೊರಡುವ ಮೊದಲು ಒಬ್ಬ ಎಳೆಯನಿಗೆ ಇಲ್ಲವೇ ಎಳೆಯಳಿಗೆ ಫೋನ್ ಮಾಡಿ, ಜೊತೆಗೆ ಕರೆದುಕೊಂಡು ಹೋಗಿ.