ಚಳಿಗಾಲದ ಸಾಮಿಗೆ ಮುನ್ನ
ಹೊನ್ನಾಳಿಯ ತುಂಗಭದ್ರೆಯ ಮೇಲಣ ಮಂಜು ಇನ್ನೂ ಕರಗದಿರುವ ಧನುರ್ಮಾಸದ ಮುಂಜಾವಿನಲ್ಲಿ ಹಿತ್ತಿಲ ತಗಡಿನ ಕೊಠಡಿಯನ್ನು ಹೊಕ್ಕು, ಹಾಸಿಗೆಯ ಆಲಸ್ಯವನ್ನು ಕೊಡವಿಕೊಳ್ಳದೆಯೇ ತಣ್ಣನೆಯ ಕಬ್ಬಿಣಕ್ಕೆ ಕೈಯಿಕ್ಕುವ ತರುಣ ಮಿತ್ರರೇ, ತುಸು ತಾಳಿರಿ. ಶೀತದಿಂದ ಸ್ನಾಯುಗಳು ಬಿಗಿದಿರುವಾಗ, ಬೇಸಗೆಯಲ್ಲಿ ಲೀಲಾಜಾಲವಾಗಿ ಎತ್ತಿದ ಭಾರವೇ ಭುಜವನ್ನೋ ಸೊಂಟವನ್ನೋ ಉಳುಕಿಸೀತು. ನಮ್ಮ ಗರಡಿಮನೆಗಳ ಹಿರಿಯರು ಗುದ್ದಲಿ ಹಿಡಿದು ಮಟ್ಟಿಯ ಕೆಮ್ಮಣ್ಣನ್ನು ಅಗೆದು, ದಂಡ ಬಸ್ಕಿಗಳಿಂದ ಮೈಯಲ್ಲಿ ಬೆವರು ಬರಿಸಿ, ತದನಂತರವೇ ಗದೆಗೋ ಕಲ್ಲುಗುಂಡಿಗೋ ಕೈಹಾಕುತ್ತಿದ್ದುದು ಸುಮ್ಮನೆಯಲ್ಲ. ನೀವೂ 10 ನಿಮಿಷ ಮೈ ಕಾಯಿಸಿಕೊಳ್ಳಿರಿ. ಮೊದಲ ಸುತ್ತಿಗೆ ಬರಿಯ ಸರಳು ಸಾಕು. ಇಬ್ಬನಿಯಿಂದ ತೇವಗೊಂಡ ಹಿಡಿಯನ್ನು ಒಣಬಟ್ಟೆಯಿಂದ ಒರಸಿರಿ. ಬೆವರೊಡೆಯುವ ಮುನ್ನ ಉಣ್ಣೆಯಂಗಿಯನ್ನು ಕಳಚದಿರಿ. ಚಳಿ ತಾಳದೆ ಮುಚ್ಚಿದ ಕೋಣೆಯೊಳಗೆ ಇದ್ದಿಲ ಕೆಂಡವನ್ನು ಮಾತ್ರ ಎಂದಿಗೂ ಇಡಬೇಡಿರಿ. ಅದರಿಂದೇಳುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.