ಶಿಲೆ, ದನಿ ಮತ್ತು ವೀಕ್ಷಕ: ಸ್ಮಾರ್ಟ್‌ಫೋನ್ ಮಾರ್ಗದರ್ಶಿಯ ಪಠ್ಯರಚನೆ

ವಿವರಿಸುವವರ ನೆರವಿಲ್ಲದೆ ವಸ್ತುಸಂಗ್ರಹಾಲಯವನ್ನು ನೋಡುವವರಿಗಾಗಿ ರೂಪಿಸುವ ಸ್ಮಾರ್ಟ್‌ಫೋನ್ ಮಾರ್ಗದರ್ಶಿಯು ಮೂಲತಃ ಒಂದು ಪಠ್ಯ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿರುವ ಆತಕೂರು ಶಾಸನವನ್ನು (ಕ್ರಿ.ಶ. 949-50) ಇದಕ್ಕೆ ನಿದರ್ಶನವಾಗಿ ಪರಿಶೀಲಿಸಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ, ತಕ್ಕೋಲದ ಯುದ್ಧ ಎಂದು ವಿವರಣೆ ಆರಂಭವಾದರೆ ಕಿವಿಗೂ ಕಣ್ಣಿಗೂ ಸಂಬಂಧ ತಪ್ಪುತ್ತದೆ. ಏಕೆಂದರೆ ಶಿಲೆಯ ಮೇಲೆ ಎದ್ದು ಕಾಣುವುದು ಹಂದಿಯೊಡನೆ ಸೆಣಸುವ ನಾಯಿ. ಅದು ಮಣಲೇರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದ ‘ಕಾಳಿ’ ಎಂದು ಮೊದಲು ತಿಳಿಸಿ, ಅನಂತರ ಯುದ್ಧದ ವಿಚಾರಕ್ಕೆ ಹೋಗುವುದು ಉಚಿತ. ಶಾಸನದ ಕೆಲವು ಸಾಲುಗಳನ್ನು ಹಳಗನ್ನಡದಲ್ಲಿಯೇ ಓದಿ ಕೇಳಿಸಿ, ಬಳಿಕ ಹೊಸಗನ್ನಡದ ಅರ್ಥವನ್ನು ನೀಡಬೇಕು. ಸಾರಾಂಶವಷ್ಟೇ ಉಳಿದರೆ ಸಾವಿರ ವರ್ಷ ಹಿಂದಿನ ನುಡಿಯ ದನಿ ವೀಕ್ಷಕನಿಗೆ ದಕ್ಕುವುದಿಲ್ಲ. ಆದ್ದರಿಂದ ಈ ಪಠ್ಯರಚನೆಯು ತಂತ್ರಜ್ಞರೊಡನೆ ಕನ್ನಡ ವಿಭಾಗಗಳೂ ಹೊರಬೇಕಾದ ಹೊಣೆಯಾಗಿದೆ.